ಗಣಿ ಮೊದಲೇ ಹೇಳಿರುತ್ತದೆ: ನೆಲದಾಳದ ಕಲ್ಲಿದ್ದಲು ಗಣಿಗಳಲ್ಲಿ ಅಪಘಾತ ಆಗುವ ಬಗೆ

ಕಲ್ಲಿದ್ದಲು ಗಣಿಯಲ್ಲಿ ಪಳಗಿದ ಕೆಲಸಗಾರ ಹೊಸ ಜಾಗಕ್ಕೆ ಕಾಲಿಡುವ ಮುನ್ನ ತಲೆಯೆತ್ತಿ ನೋಡುತ್ತಾನೆ. ಆಮೇಲೆ ಉದ್ದನೆಯ ಕೋಲಿನಿಂದ ನೆತ್ತಿಯ ಮೇಲಿನ ಬಂಡೆಯನ್ನು ತಟ್ಟಿ ಕಿವಿಗೊಡುತ್ತಾನೆ. ಬಂಡೆ ಗಟ್ಟಿಯಾಗಿದ್ದರೆ ಗಂಟೆ ಬಡಿದಂತೆ ಖಣಿಲ್ ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಸೀಳಿದ ಮಡಕೆಯಂತೆ ಬೊದ್ದೆನ್ನುತ್ತದೆ. ಚಾವಣಿ ಕೈಗೆ ನಿಲುಕುವಂತಿದ್ದರೆ ಇನ್ನೊಂದು ಕೈಯ ಬೆರಳುಗಳನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ; ಸಡಿಲಗೊಂಡ ಬಂಡೆ ಕೋಲಿನ ಏಟಿಗೆ ನಡುಗುವುದು ಬೆರಳಿಗೆ ತಿಳಿಯುತ್ತದೆ. ಎಷ್ಟೋ ಯಂತ್ರಗಳು ಬಂದ ಮೇಲೂ ಈ ಪರೀಕ್ಷೆ ಉಳಿದುಕೊಂಡಿದೆ.

ನೆಲದಾಳದ ಗಣಿಗಳ ಅಪಘಾತವನ್ನು ಅರ್ಥ ಮಾಡಿಕೊಳ್ಳಲು ಈ ಸದ್ದಿನಿಂದಲೇ ಹೊರಡಬೇಕು ಎಂದು ನನಗನ್ನಿಸುತ್ತದೆ. ಗಣಿ ಸುಳಿವು ಕೊಡದೆ ಕೊಲ್ಲುವುದು ಅಪರೂಪ. ಚಾವಣಿ ಲಟಲಟ ಎನ್ನುತ್ತದೆ, ಮರದ ಆಸರೆ ಸಿಬಿರೆದ್ದು ಬಾಗುತ್ತದೆ, ಮಾಪಕದಲ್ಲಿ ಅನಿಲದ ಅಂಕಿ ಏರುತ್ತದೆ, ಒಣಗಿದ್ದ ಕಲ್ಲಿದ್ದಲಿನ ಗೋಡೆ ಬೆವರತೊಡಗುತ್ತದೆ. ಆ ಸುಳಿವು ಯಾರ ಕಣ್ಣಿಗೆ ಬಿತ್ತು, ಬಿದ್ದವರಿಗೆ ಕೆಲಸ ನಿಲ್ಲಿಸುವ ಅಧಿಕಾರವಿತ್ತೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ.

ಮೊದಲು ತೂಕದ ಲೆಕ್ಕ. ಒಂದು ಘನ ಮೀಟರ್ ಬಂಡೆ ಸುಮಾರು ಎರಡೂವರೆ ಟನ್ ತೂಗುತ್ತದೆ. 300 ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 750 ಟನ್ ಭಾರ ಕುಳಿತಿರುತ್ತದೆ. ಕಲ್ಲಿದ್ದಲನ್ನು ಕಡಿಯುವವರೆಗೆ ಆ ಭಾರವನ್ನು ಕಲ್ಲಿದ್ದಲೇ ಹೊತ್ತಿತ್ತು. ಕಡಿದು ತೆಗೆದೊಡನೆ ಅದು ಪಕ್ಕದ ಗೋಡೆಗಳ ಮೇಲೆ, ಉಳಿಸಿದ ಕಂಬಗಳ ಮೇಲೆ ಸರಿದುಕೊಳ್ಳುತ್ತದೆ. ಕಂಬಗಳನ್ನು ಬಿಟ್ಟು ನಡುವಿನ ಕಲ್ಲಿದ್ದಲನ್ನು ತೆಗೆಯುವುದು ಹಳೆಯ ಪದ್ಧತಿ. ಲಾಂಗ್‌ವಾಲ್ ಪದ್ಧತಿಯಲ್ಲಿ ಉದ್ದನೆಯ ಗೋಡೆಯೊಂದನ್ನು ಯಂತ್ರ ಸೀಳುತ್ತ ಹೋಗುತ್ತದೆ, ಹೈಡ್ರಾಲಿಕ್ ಆಸರೆಗಳು ಅದರೊಂದಿಗೆ ಮುಂದೆ ಸರಿಯುತ್ತವೆ, ಹಿಂದೆ ಉಳಿದ ಖಾಲಿ ಜಾಗದ ಚಾವಣಿ ಕುಸಿದು ಬೀಳಲು ಬಿಡಲಾಗುತ್ತದೆ.

ಕಲ್ಲಿದ್ದಲಿನ ಮೇಲಿರುವುದು ಬಹುಪಾಲು ಪದರ ಪದರವಾದ ಕಲ್ಲು. ಅಡಿಯ ಆಸರೆ ಹೋದೊಡನೆ ಕೆಳಪದರ ತುಸು ಜೋಲುತ್ತದೆ, ಮೇಲಿನ ಪದರದಿಂದ ಬಿಡಿಸಿಕೊಳ್ಳುತ್ತದೆ. ಇದನ್ನು ತಡೆಯಲು ಚಾವಣಿಗೆ ರಂಧ್ರ ಕೊರೆದು ಉಕ್ಕಿನ ಸರಳುಗಳನ್ನು ಅಂಟಿನೊಂದಿಗೆ ಸೇರಿಸಿ ಬಿಗಿಯುತ್ತಾರೆ. ಬಿಡಿ ಹಾಳೆಗಳನ್ನು ಹೊಲಿದು ದಪ್ಪ ಪುಸ್ತಕ ಮಾಡಿದಂತೆ, ಸಡಿಲ ಪದರಗಳು ಸೇರಿ ಒಂದೇ ತೊಲೆಯಾಗುತ್ತವೆ. ರೂಫ್ ಬೋಲ್ಟ್ ಎಂಬ ಈ ಸರಳು ಇಪ್ಪತ್ತನೆಯ ಶತಮಾನದ ನಡುವಿನಿಂದ ವ್ಯಾಪಕವಾಗಿ ಬಳಕೆಗೆ ಬಂತು. ಅದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ.

ಅತಿ ಅಪಾಯದ ಗಳಿಗೆ ಇರುವುದು ಕಡಿತಕ್ಕೂ ಬೋಲ್ಟಿಗೂ ನಡುವೆ. ಯಂತ್ರ ಕೆಲವು ಮೀಟರ್ ಕಲ್ಲಿದ್ದಲನ್ನು ಕಡಿದು ಹಿಂದೆ ಸರಿದಿದೆ, ಚಾವಣಿಗೆ ಇನ್ನೂ ಆಸರೆ ಕೊಟ್ಟಿಲ್ಲ. ಕೊನೆಯ ಆಸರೆಯನ್ನು ದಾಟಿ ಯಾರೂ ಒಂದು ಹೆಜ್ಜೆಯೂ ಮುಂದಿಡಬಾರದು ಎಂಬ ನಿಯಮ ಎಲ್ಲ ಕಡೆಯೂ ಇದೆ. ಆದರೂ ಜನ ದಾಟುತ್ತಾರೆ. ಬಿದ್ದ ಉಪಕರಣವನ್ನು ಎತ್ತಿಕೊಳ್ಳಲು, ಸಿಕ್ಕಿಕೊಂಡ ಕೇಬಲ್ ಬಿಡಿಸಲು, ಕಡಿತ ನೇರವಾಗಿದೆಯೇ ಎಂದು ನೋಡಲು. ಹತ್ತು ಸೆಕೆಂಡಿನ ಕೆಲಸ. ಹಿಂದಿನ ನೂರು ಸಲ ಏನೂ ಆಗಿರಲಿಲ್ಲ. ಚಪ್ಪಡಿಯಷ್ಟು ಕಲ್ಲು ಎರಡು ಮೀಟರ್ ಎತ್ತರದಿಂದ ಬಿದ್ದರೆ ಬೆನ್ನುಮೂಳೆ ಮುರಿಯಲು ಅಷ್ಟೇ ಸಾಕು. ಪಕ್ಕದ ಗೋಡೆ ಕಳಚಿ ಬೀಳುವುದೂ ಅಷ್ಟೇ ಅಪಾಯಕಾರಿ, ಎಲ್ಲರ ಕಣ್ಣೂ ಮೇಲಿರುವುದರಿಂದ ಅದು ತಪ್ಪಿಹೋಗುತ್ತದೆ.

ಹೀಗೆ ಸಾಯುವವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಲೋಕದ ನೆನಪಿನಲ್ಲಿ ಗಣಿ ದುರಂತ ಎಂದರೆ ಸ್ಫೋಟ. ಆದರೆ ಚಾವಣಿ ಕುಸಿತವು ಬಹುಕಾಲ ಒಂದೊಂದೇ ಜೀವವನ್ನು ಒಯ್ಯುತ್ತ, ಸ್ಫೋಟಗಳನ್ನು ಮೀರಿದ ಸಂಖ್ಯೆಯಲ್ಲಿ ಜನರನ್ನು ಕೊಂದಿದೆ. ಒಬ್ಬ ಸತ್ತರೆ ಅದು ಸ್ಥಳೀಯ ಪತ್ರಿಕೆಯ ಒಳಪುಟದ ಸುದ್ದಿ. ವಿಚಾರಣಾ ಆಯೋಗ ಕೂರುವುದಿಲ್ಲ, ಕಾನೂನು ಬದಲಾಗುವುದಿಲ್ಲ. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ.

ಕಂಬಗಳು ಸೋತರೆ ಕತೆಯೇ ಬೇರೆ. ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಗಣಿಯಲ್ಲಿ 1960ರ ಜನವರಿ 21ರಂದು ನೂರಾರು ಕಂಬಗಳು ಒಂದರ ಹಿಂದೊಂದು ಪುಡಿಯಾದವು. 435 ಜನ ಒಳಗೆ ಉಳಿದರು, ಅವರ ದೇಹಗಳನ್ನು ಮೇಲೆ ತರಲು ಆಗಲೇ ಇಲ್ಲ. ಒಂದು ಕಂಬ ಸೋತರೆ ಅದರ ಹೊರೆ ನೆರೆಯ ಕಂಬಗಳ ಮೇಲೆ ಬೀಳುತ್ತದೆ. ಅವೂ ಮಿತಿಯ ಅಂಚಿನಲ್ಲಿದ್ದರೆ ಕುಸಿತ ಓಡತೊಡಗುತ್ತದೆ. ಅಲ್ಲಿ ಕೆಲವೇ ವಾರಗಳ ಹಿಂದೆ ಗಣಿಯ ಒಂದು ಭಾಗ ಕುಸಿದಿತ್ತು. ಕಂಬ ಎಷ್ಟು ದಪ್ಪವಿದ್ದರೆ ಎಷ್ಟು ಹೊರೆ ತಾಳುತ್ತದೆ ಎಂಬ ಅಧ್ಯಯನ ಅಲ್ಲಿ ಗಂಭೀರವಾಗಿ ಶುರುವಾದದ್ದು ಈ ಸಾವುಗಳ ನಂತರ.

ಇನ್ನು ಅನಿಲ. ಸಸ್ಯರಾಶಿ ಕಲ್ಲಿದ್ದಲಾಗುವಾಗ ಹುಟ್ಟಿದ ಮೀಥೇನ್ ಕಲ್ಲಿದ್ದಲಿನ ಸೂಕ್ಷ್ಮ ರಂಧ್ರಗಳಲ್ಲಿ ಒತ್ತಡದಲ್ಲಿ ಅಡಗಿರುತ್ತದೆ, ಕಡಿದಾಗ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ತಗುಲಿದರೆ ಸಿಡಿಯುತ್ತದೆ. ಶೇ. 9.5ರ ಆಸುಪಾಸಿನಲ್ಲಿ ಹೊಡೆತ ಅತ್ಯಂತ ತೀವ್ರ. ಐದಕ್ಕಿಂತ ಕಡಿಮೆಯಾದರೆ ಇಂಧನ ಸಾಲದು, ಹದಿನೈದು ಮೀರಿದರೆ ಆಮ್ಲಜನಕ ಸಾಲದು. ಹಾಗೆಂದು ಹದಿನೈದರ ಮೇಲೆ ನಿಶ್ಚಿಂತೆ ಎಂದು ಭಾವಿಸಬಾರದು: ತಾಜಾ ಗಾಳಿ ಸೇರಿ ಅನಿಲ ತೆಳುವಾಗುವಾಗ ಅದು ಸಿಡಿಯುವ ಮಟ್ಟವನ್ನು ಹಾದೇ ಇಳಿಯಬೇಕು.

ಮೀಥೇನ್ ಗಾಳಿಗಿಂತ ಹಗುರ. ಹಾಗಾಗಿ ಚಾವಣಿಗೆ ಅಂಟಿಕೊಂಡು, ಅದರ ಪೊಳ್ಳುಗಳಲ್ಲಿ ಪದರವಾಗಿ ನಿಲ್ಲುತ್ತದೆ. ಎದೆಮಟ್ಟದಲ್ಲಿ ಮಾಪಕ ಹಿಡಿದವನಿಗೆ ಅರ್ಧ ಶೇಕಡಾ ಕಂಡರೂ ಅವನ ತಲೆಯ ಮೇಲೆ ಆರು ಶೇಕಡಾ ಇರಬಹುದು. ಶೇ. 5ಕ್ಕೆ ಸಿಡಿಯುವ ಅನಿಲ ಶೇ. 1 ಅಥವಾ 1.25 ಮುಟ್ಟಿದಾಗಲೇ ವಿದ್ಯುತ್ ಕಡಿದುಬಿಡಬೇಕು ಎಂದು ಹಲವು ದೇಶಗಳ ನಿಯಮ ಹೇಳುವುದು ಇದೇ ಕಾರಣಕ್ಕೆ. ಹೊರಗಿನವರಿಗೆ ಇದು ಅತಿ ಎಚ್ಚರಿಕೆಯಂತೆ ಕಾಣಬಹುದು. ಒಳಗೆ ಅನಿಲ ಸಮನಾಗಿ ಹರಡಿರುವುದಿಲ್ಲ ಎಂದು ತಿಳಿದವರು ಬರೆದ ನಿಯಮ ಅದು.

1815ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ ತಂತಿಬಲೆ ಹೊದಿಸಿದ ದೀಪವನ್ನು ರೂಪಿಸಿದರು. ಬಲೆ ಉರಿಯ ಬಿಸಿಯನ್ನು ಹೀರಿಕೊಂಡು ಹೊರಗಿನ ಅನಿಲಕ್ಕೆ ಬೆಂಕಿ ದಾಟದಂತೆ ತಡೆಯುತ್ತಿತ್ತು. ಜೀವ ಉಳಿಸಲು ಬಂದ ಆ ದೀಪವನ್ನು ನೆಚ್ಚಿಕೊಂಡು, ಮೊದಲು ಅನಿಲದ ಭಯಕ್ಕೆ ಕೈಬಿಟ್ಟಿದ್ದ ಭಾಗಗಳಿಗೂ ಕೆಲಸಗಾರರನ್ನು ಇಳಿಸಿದರು, ಸ್ಫೋಟಗಳು ನಿಲ್ಲಲಿಲ್ಲ. ದೊರೆತ ಸುರಕ್ಷತೆಯನ್ನು ಹೆಚ್ಚಿನ ಉತ್ಪಾದನೆಗೆ ಖರ್ಚು ಮಾಡುವ ಈ ಅಭ್ಯಾಸ ಗಣಿಗಳ ಚರಿತ್ರೆಯುದ್ದಕ್ಕೂ ಕಾಣುತ್ತದೆ.

ಮೀಥೇನ್ ಸ್ಫೋಟ ಸಾಮಾನ್ಯವಾಗಿ ಒಂದು ಮೂಲೆಗೆ ಸೀಮಿತ. ಅದನ್ನು ಇಡೀ ಗಣಿಯ ಸಾವನ್ನಾಗಿ ಮಾಡುವುದು ಕಲ್ಲಿದ್ದಲಿನ ಧೂಳು. ನೆಲದ ಮೇಲೆ, ತೊಲೆಗಳ ಮೇಲೆ, ಗೋಡೆಯ ಉಬ್ಬುತಗ್ಗುಗಳಲ್ಲಿ ಹಿಟ್ಟಿನಂತೆ ಕುಳಿತ ಧೂಳನ್ನು ಮೊದಲ ಸ್ಫೋಟದ ಗಾಳಿಯಲೆ ಎಬ್ಬಿಸುತ್ತದೆ. ಹಿಂದೆಯೇ ಬರುವ ಜ್ವಾಲೆ ಆ ಮೋಡವನ್ನು ಹೊತ್ತಿಸುತ್ತದೆ. ಅದರ ಗಾಳಿಯಲೆ ಇನ್ನಷ್ಟು ದೂರದ ಧೂಳನ್ನು ಎಬ್ಬಿಸುತ್ತದೆ. ಧೂಳು ಸಿಗುವವರೆಗೆ ಬೆಂಕಿ ಓಡುತ್ತಲೇ ಇರುತ್ತದೆ. 1906ರ ಮಾರ್ಚ್ 10ರಂದು ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ನಡೆದದ್ದು ಇದೇ. 1,099 ಜನ ಸತ್ತರು. ಬದುಕಿರುವವರು ಯಾರೂ ಇಲ್ಲ ಎಂದುಕೊಂಡಿದ್ದಾಗ, ಇಪ್ಪತ್ತು ದಿನಗಳ ನಂತರ ಹದಿಮೂರು ಜನ ಕತ್ತಲಲ್ಲಿ ದಾರಿ ಹುಡುಕಿಕೊಂಡು ತಾವಾಗಿಯೇ ಹೊರಗೆ ಬಂದರು.

ಧೂಳಿನ ಪಾತ್ರ ಅಂದು ಹೊಸ ವಿಷಯವಾಗಿರಲಿಲ್ಲ. ಇಂಗ್ಲೆಂಡಿನ ಹ್ಯಾಸ್‌ವೆಲ್ ಗಣಿಯಲ್ಲಿ 1844ರಲ್ಲಿ 95 ಜನ ಸತ್ತಾಗ ಸರಕಾರ ಮೈಕೆಲ್ ಫ್ಯಾರಡೆ ಮತ್ತು ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಅವರನ್ನು ಕಳುಹಿಸಿತ್ತು. ಅಲ್ಲಿನ ಧೂಳು ಉರಿದು ಗಟ್ಟಿ ಹೊರಪದರವಾಗಿ ಅಂಟಿಕೊಂಡಿದ್ದನ್ನು ಇಬ್ಬರೂ ಗುರುತಿಸಿ, ಅನಿಲದ ಜೊತೆ ಧೂಳೂ ಉರಿದಿದೆ ಎಂದು ವರದಿಯಲ್ಲಿ ಬರೆದರು. ಹಲವು ದಶಕಗಳ ಕಾಲ ಅದನ್ನು ಗಂಭೀರವಾಗಿ ಪರಿಗಣಿಸಿದವರು ಕಡಿಮೆ. ಹ್ಯಾಸ್‌ವೆಲ್‌ನಿಂದ ಕೂರಿಯೇರ್‌ಗೆ 62 ವರ್ಷ.

ಇದಕ್ಕೆ ಮದ್ದು ಅಗ್ಗದ್ದು, ಸರಳವಾದದ್ದು. ಸುಣ್ಣಕಲ್ಲಿನ ಪುಡಿಯನ್ನು ಗಣಿಯ ನೆಲ, ಗೋಡೆ, ಚಾವಣಿಗಳ ಮೇಲೆಲ್ಲ ಎರಚುತ್ತಾರೆ. ಸ್ಫೋಟದ ಗಾಳಿ ಕಲ್ಲಿದ್ದಲಿನ ಧೂಳಿನೊಂದಿಗೆ ಉರಿಯದ ಈ ಪುಡಿಯನ್ನೂ ಎಬ್ಬಿಸುತ್ತದೆ, ಪುಡಿ ಬಿಸಿಯನ್ನು ಹೀರಿಕೊಂಡು ಜ್ವಾಲೆಯನ್ನು ಆರಿಸುತ್ತದೆ. ಅಮೆರಿಕದ ನಿಯಮದಂತೆ ಗಣಿಯಲ್ಲಿ ಕುಳಿತ ಧೂಳಿನಲ್ಲಿ ಶೇ. 80ರಷ್ಟಾದರೂ ಉರಿಯದ ವಸ್ತುವಿರಬೇಕು. ತೊಡಕು ಒಂದೇ: ಕಲ್ಲಿದ್ದಲಿನ ಧೂಳು ಪ್ರತಿ ಪಾಳಿಯಲ್ಲಿ ಹೊಸದಾಗಿ ಬಂದು ಬಿಳಿ ಪುಡಿಯ ಮೇಲೆ ಕಪ್ಪಾಗಿ ಕೂರುತ್ತದೆ. ಆದ್ದರಿಂದ ಪ್ರತಿದಿನವೂ ಎರಚಬೇಕು. ಒಂದು ಟನ್ ಕಲ್ಲಿದ್ದಲನ್ನೂ ಹೆಚ್ಚಿಸದ ಕೆಲಸವಾದ್ದರಿಂದ ಜನ ಕಡಿಮೆಯಿದ್ದ ದಿನ ಮೊದಲು ನಿಲ್ಲುವುದೂ ಇದೇ.

ಸ್ಫೋಟದಲ್ಲಿ ಸತ್ತವರೆಲ್ಲ ಬೆಂಕಿಗೆ ಸತ್ತರೆಂಬುದು ಸಾಮಾನ್ಯ ಗ್ರಹಿಕೆ. 1896ರಲ್ಲಿ ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ವೇಲ್ಸ್‌ನ ಗಣಿಯೊಂದರ ಸ್ಫೋಟದಲ್ಲಿ ಸತ್ತವರನ್ನು ಪರೀಕ್ಷಿಸಿ, ಹೆಚ್ಚಿನವರ ಪ್ರಾಣ ತೆಗೆದದ್ದು ಕಾರ್ಬನ್ ಮಾನಾಕ್ಸೈಡ್ ಎಂದು ತೋರಿಸಿದರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆ ಭಾರವಾಗುತ್ತದೆ, ಕಾಲು ಸೋಲುತ್ತದೆ, ಮನಸ್ಸು ಮಂಕಾಗುತ್ತದೆ. ಅಪಾಯದಲ್ಲಿದ್ದೇನೆ ಎಂದು ಗೊತ್ತಾಗುವ ಹೊತ್ತಿಗೆ ನಡೆಯುವ ಶಕ್ತಿ ಉಳಿದಿರುವುದಿಲ್ಲ. ಪುಟ್ಟ ಪ್ರಾಣಿಗಳು ವೇಗವಾಗಿ ಉಸಿರಾಡುವುದರಿಂದ ಅವು ಮನುಷ್ಯನಿಗಿಂತ ಮೊದಲು ಕುಸಿಯುತ್ತವೆ ಎಂದು ಹಾಲ್ಡೇನ್ ಸೂಚಿಸಿದ್ದರಿಂದಲೇ ಕ್ಯಾನರಿ ಹಕ್ಕಿಗಳು ಗಣಿಗಿಳಿದವು. ಬ್ರಿಟನ್ನಿನಲ್ಲಿ ಅವುಗಳನ್ನು ಕೈಬಿಡಲು ನಿರ್ಧರಿಸಿದ್ದು 1986ರಲ್ಲಿ.

ಇಂದು ಕೆಲಸಗಾರರು ಸೊಂಟಕ್ಕೆ ಉಸಿರಾಟದ ಪೆಟ್ಟಿಗೆ ಕಟ್ಟಿಕೊಂಡಿರುತ್ತಾರೆ. ಸಾಮಾನ್ಯವಾಗಿ ಅದು ಸುಮಾರು ಒಂದು ಗಂಟೆಯ ಆಮ್ಲಜನಕ ಕೊಡುತ್ತದೆ. ಅಮೆರಿಕದ ಸೇಗೋ ಗಣಿಯಲ್ಲಿ 2006ರ ಜನವರಿ 2ರಂದು ಸ್ಫೋಟವಾದಾಗ ಹೊರದಾರಿ ಸಿಗದೆ ಕೆಲವರು ಪರದೆ ಕಟ್ಟಿಕೊಂಡು ಅದರ ಹಿಂದೆ ಕಾದರು. ರಕ್ಷಣಾ ತಂಡ ತಲುಪಲು ನಲವತ್ತಕ್ಕೂ ಹೆಚ್ಚು ಗಂಟೆ ಹಿಡಿಯಿತು. ಆ ಗಣಿಯಲ್ಲಿ ಸತ್ತವರು 12, ಪರದೆಯ ಹಿಂದಿನಿಂದ ಜೀವಂತ ಬಂದವನು ಒಬ್ಬ. ಒಂದು ಗಂಟೆಯ ಪೆಟ್ಟಿಗೆ, ನಲವತ್ತು ಗಂಟೆಯ ಕಾಯುವಿಕೆ. ಅದೇ ವರ್ಷ ಬಂದ ಕಾನೂನು ಹೊರದಾರಿಯುದ್ದಕ್ಕೂ ಹೆಚ್ಚುವರಿ ಆಮ್ಲಜನಕ ಮತ್ತು ಉತ್ತಮ ಸಂಪರ್ಕ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು, ಆಶ್ರಯಕೋಣೆಗಳೂ ಅದರ ಬೆನ್ನಿಗೇ ಬಂದವು.

ಸ್ಫೋಟವಿಲ್ಲದೆಯೂ ಈ ವಿಷ ಬರುತ್ತದೆ. ಕಲ್ಲಿದ್ದಲು ಗಾಳಿಯೊಂದಿಗೆ ಬೆರೆತು ತಾನೇ ಕಾಯುತ್ತದೆ, ಬಿಸಿ ಹೊರಹೋಗಲು ದಾರಿಯಿಲ್ಲದಿದ್ದರೆ ಹೊತ್ತಿಕೊಳ್ಳುತ್ತದೆ. 2014ರ ಮೇ ತಿಂಗಳಲ್ಲಿ ಟರ್ಕಿಯ ಸೋಮಾ ಗಣಿಯ ಬೆಂಕಿಯಲ್ಲಿ ಸತ್ತ 301 ಜನರಲ್ಲಿ ಹೆಚ್ಚಿನವರು ಕಾರ್ಬನ್ ಮಾನಾಕ್ಸೈಡಿಗೆ ಬಲಿಯಾದವರು.

ನೀರಿನ ಅಪಾಯವಂತೂ ಬಹುಪಾಲು ನಕ್ಷೆಯ ಅಪಾಯ. ಕೈಬಿಟ್ಟ ಹಳೆಯ ಗಣಿಗಳಲ್ಲಿ ನೀರು ತುಂಬಿ ನಿಂತಿರುತ್ತದೆ. ಹೊಸ ಗಣಿ ಅದರ ಹತ್ತಿರ ಸುಳಿದಾಗ ನಡುವಿನ ಗೋಡೆ ಎಷ್ಟು ದಪ್ಪವಿದೆ ಎಂದು ಹೇಳಬೇಕಾದದ್ದು ನಕ್ಷೆ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾದಲ್ಲಿ ಮೇಲಿನ ಹಳೆಯ ಭಾಗದ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಮುಳುಗಿದರು. 2002ರ ಜುಲೈನಲ್ಲಿ ಅಮೆರಿಕದ ಕ್ವಿಕ್ರೀಕ್‌ನಲ್ಲಿ ಅಪೂರ್ಣ ನಕ್ಷೆಯನ್ನು ನಂಬಿದ ಯಂತ್ರ ಪಕ್ಕದ ಹಳೆಯ ಗಣಿಯನ್ನೇ ಕೊರೆದುಬಿಟ್ಟಿತು. ಒಳಗೆ ಸಿಕ್ಕ ಒಂಬತ್ತೂ ಜನರನ್ನು ಮೂರು ದಿನಗಳ ನಂತರ ಬದುಕಿಸಿ ಮೇಲೆತ್ತಿದರು. ರಾಣಿಗಂಜ್‌ನ ಮಹಾಬೀರ್ ಗಣಿಯಲ್ಲಿ 1989ರ ನವೆಂಬರ್‌ನಲ್ಲಿ ಹೀಗೆಯೇ ನೀರು ನುಗ್ಗಿದಾಗ ಮೇಲಿನಿಂದ ಹೊಸ ರಂಧ್ರ ಕೊರೆದು, ಒಬ್ಬರು ಮಾತ್ರ ನಿಲ್ಲಬಹುದಾದ ಉಕ್ಕಿನ ಕ್ಯಾಪ್ಸೂಲ್ ಇಳಿಸಿ 65 ಜನರನ್ನು ಒಬ್ಬೊಬ್ಬರಾಗಿ ಹೊರತಂದರು. ಅದನ್ನು ರೂಪಿಸಿದ ಗಣಿ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ತಾವೇ ಕೆಳಗಿಳಿದು, ಎಲ್ಲರನ್ನೂ ಕಳುಹಿಸಿಕೊಟ್ಟು ಕೊನೆಗೆ ಮೇಲೆ ಬಂದರು. ಮುಂಚಿತವಾಗಿ ರಂಧ್ರ ಕೊರೆದು ಆಚೆ ನೀರಿದೆಯೇ ಎಂದು ನೋಡುವ ಪದ್ಧತಿ ಬಹಳ ಹಳೆಯದು. ಅದಕ್ಕೂ ಕಡಿತ ನಿಲ್ಲಿಸಬೇಕಾಗುತ್ತದೆ.

ಯಂತ್ರಗಳು ಕೈಗೆಲಸದ ಹೊರೆ ಇಳಿಸಿದವು, ಹೊಸ ಗಾಯಗಳನ್ನೂ ತಂದವು. ಇಕ್ಕಟ್ಟಾದ ಹಾದಿಯಲ್ಲಿ ಹತ್ತಾರು ಟನ್ ತೂಕದ ಯಂತ್ರ ಹಿಂದೆ ಮುಂದೆ ಆಡುತ್ತಿರುತ್ತದೆ. ಚಾಲಕನಿಗೆ ಕಾಣುವುದು ಹೆಲ್ಮೆಟ್ ದೀಪದ ಬೆಳಕು ಬಿದ್ದಷ್ಟೇ. ಕಲ್ಲಿದ್ದಲು ಕಡಿಯುವ ಯಂತ್ರವನ್ನು ರಿಮೋಟ್‌ನಿಂದ ನಡೆಸುವವನು ಅದರ ಪಕ್ಕದಲ್ಲೇ ನಿಂತಿರುತ್ತಾನೆ. ಯಂತ್ರ ತಿರುಗಿದರೆ ಗೋಡೆಗೂ ಅದಕ್ಕೂ ನಡುವೆ ಸಿಕ್ಕಿ ಜಜ್ಜಿಹೋಗುತ್ತಾನೆ. ಮನುಷ್ಯ ಹತ್ತಿರ ಬಂದರೆ ಯಂತ್ರ ತಾನೇ ನಿಲ್ಲುವ ಸಾಧನವನ್ನು ಅಮೆರಿಕ ಇಂಥ ಯಂತ್ರಗಳಿಗೆ ಕಡ್ಡಾಯ ಮಾಡುವ ನಿಯಮ ತಂದದ್ದು 2015ರಲ್ಲಿ. ಕನ್ವೇಯರ್ ಬೆಲ್ಟ್ ಓಡುತ್ತಿರುವಾಗಲೇ ಅದರಡಿಯ ಪುಡಿಯನ್ನು ಸಲಿಕೆಯಿಂದ ಎಳೆಯಲು ಹೋದವನ ತೋಳನ್ನು ರೋಲರ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಳೆದುಕೊಳ್ಳುತ್ತದೆ. ಬೆಲ್ಟ್ ನಿಲ್ಲಿಸಿದರೆ ಇಡೀ ಪಾಳಿಯ ಕಲ್ಲಿದ್ದಲು ನಿಲ್ಲುತ್ತದೆ, ಮೇಲಿನಿಂದ ಫೋನ್ ಬರುತ್ತದೆ. ಅದಕ್ಕಾಗಿ ನಿಲ್ಲಿಸದೆಯೇ ಸಲಿಕೆ ಹಾಕುತ್ತಾರೆ.

ಸಾವು ತರದ ಗಾಯಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಒಂದು ಮೀಟರ್ ಎತ್ತರದ ಪದರದಲ್ಲಿ ಪಾಳಿಯಿಡೀ ಮಂಡಿಯೂರಿ ತೆವಳುವವನ ಮಂಡಿ ಊದಿಕೊಂಡು ನೀರು ತುಂಬುತ್ತದೆ, ಸೊಂಟ ಹೋಗುತ್ತದೆ. ಬೋಲ್ಟ್ ಬಿಗಿಯುವವನ ಬೆರಳುಗಳು ಕೊರೆಯುವ ಸರಳಿಗೂ ಬಂಡೆಗೂ ನಡುವೆ ಸಿಗುತ್ತವೆ. ಯಂತ್ರದ ಸದ್ದಿಗೆ ಕಿವಿ ಮಂದವಾಗುತ್ತದೆ, ಮಂದವಾದ ಕಿವಿಗೆ ಚಾವಣಿಯ ಲಟಲಟ ಕೇಳುವುದಿಲ್ಲ. ಒಂದು ಗಾಯ ಇನ್ನೊಂದಕ್ಕೆ ದಾರಿ ಮಾಡುತ್ತದೆ. ಅಪಘಾತವಿಲ್ಲದ ದಿನಗಳ ಸಂಖ್ಯೆಗೆ ಬಹುಮಾನ ಇಟ್ಟಿರುವ ಕಡೆ ಬೆರಳು ಜಜ್ಜಿಕೊಂಡವನು ಗೆಳೆಯರ ಬಹುಮಾನ ಹೋಗದಿರಲೆಂದು ಸುಮ್ಮನಾಗುತ್ತಾನೆ. ಗುತ್ತಿಗೆಯವನು ನಾಳೆ ಕೆಲಸ ಹೋಗದಿರಲೆಂದು ಸುಮ್ಮನಾಗುತ್ತಾನೆ. ದಾಖಲಾಗದ ಸಣ್ಣ ಗಾಯ ಎಂದರೆ ಓದದೆ ಬಿಟ್ಟ ಎಚ್ಚರಿಕೆ.

ಓದಿಯೂ ಬಿಟ್ಟದ್ದಕ್ಕೆ ನ್ಯೂಜಿಲೆಂಡಿನ ಪೈಕ್ ರಿವರ್ ಸಾಕ್ಷಿ. 2010ರ ನವೆಂಬರ್ 19ರಂದು ಅಲ್ಲಿ ಸ್ಫೋಟವಾಗಿ 29 ಜನ ಸತ್ತರು. ವಿಚಾರಣಾ ಆಯೋಗ ಗಣಿಯದೇ ದಾಖಲೆಗಳನ್ನು ತೆಗೆದು ನೋಡಿತು. ಸ್ಫೋಟಕ್ಕೆ ಮುಂಚಿನ 48 ದಿನಗಳಲ್ಲಿ ಮೀಥೇನ್ ಸಿಡಿಯುವ ಮಟ್ಟ ಮುಟ್ಟಿದ ವರದಿ 21 ಬಾರಿ ಬಂದಿತ್ತು, ಅದಕ್ಕಿಂತ ಕಡಿಮೆಯಾದರೂ ಅಪಾಯಕಾರಿಯಾದ ಮಟ್ಟದ ವರದಿ 27 ಬಾರಿ. ದುರಂತದ ಬೆಳಗಿನವರೆಗೂ ಅವು ಬರುತ್ತಲೇ ಇದ್ದವು. ಕೆಳಗಿದ್ದವರು ಅಳೆದಿದ್ದರು, ಬರೆದಿದ್ದರು. ಕಂಪನಿ ಹಣದ ಒತ್ತಡದಲ್ಲಿತ್ತು, ಕಲ್ಲಿದ್ದಲು ಬೇಕಾಗಿತ್ತು. ಬರೆದದ್ದು ಕಡಿತವನ್ನು ನಿಲ್ಲಿಸಲಿಲ್ಲ.

ಇದು ತಪ್ಪಿಸಲಾಗದ ವಿಧಿಯಲ್ಲ ಎನ್ನಲು ಅಂಕಿಗಳಿವೆ. ಅಮೆರಿಕದ ಕಲ್ಲಿದ್ದಲು ಗಣಿಗಳಲ್ಲಿ 1907ರಲ್ಲಿ 3,242 ಜನ ಸತ್ತರು, 2020ರಲ್ಲಿ 5. ಚೀನಾದಲ್ಲಿ 2002ರಲ್ಲಿ ಸುಮಾರು 7,000 ಇದ್ದ ಸಾವು 2020ರ ಹೊತ್ತಿಗೆ 225ಕ್ಕೆ ಇಳಿಯಿತು. ಅಮೆರಿಕದ ಇಳಿಕೆಯಲ್ಲಿ ಕೆಲಸಗಾರರ ಸಂಖ್ಯೆ ಕುಗ್ಗಿದ್ದಕ್ಕೂ, ಗಣಿಗಾರಿಕೆ ನೆಲದ ಮೇಲಕ್ಕೆ ಬಂದದ್ದಕ್ಕೂ ದೊಡ್ಡ ಪಾಲಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಆದರೂ ಅನಿಲವನ್ನು ಮೊದಲೇ ಕೊಳವೆಯಿಂದ ಹೀರಿ ತೆಗೆಯುವುದು, ಬೋಲ್ಟ್, ಸುಣ್ಣಕಲ್ಲಿನ ಪುಡಿ, ಮುನ್ಸೂಚನೆ ಇಲ್ಲದೆ ಬರುವ ತಪಾಸಣೆ, ಚೀನಾದಲ್ಲಿ ಸಾವಿರಾರು ಸಣ್ಣ ಗಣಿಗಳನ್ನು ಮುಚ್ಚಿದ್ದು, ಇವೆಲ್ಲ ಸೇರದಿದ್ದರೆ ಇಷ್ಟು ಇಳಿಕೆ ಆಗುತ್ತಿರಲಿಲ್ಲ.

ಆ ಲೆಕ್ಕಕ್ಕೆ ಸೇರದ ಸಾವು ಒಂದಿದೆ. ಕಣ್ಣಿಗೆ ಕಾಣದಷ್ಟು ನವಿರಾದ ಧೂಳು ಶ್ವಾಸಕೋಶದ ತುದಿಗಳನ್ನು ಮುಟ್ಟಿ ಅಲ್ಲಿಯೇ ನಿಲ್ಲುತ್ತದೆ, ಅದರ ಸುತ್ತ ಅಂಗಾಂಶ ಗಟ್ಟಿಯಾಗುತ್ತದೆ. ಕಪ್ಪು ಶ್ವಾಸಕೋಶ ಎಂದು ಕರೆಯುವ ಈ ರೋಗಕ್ಕೆ ಗುಣವಿಲ್ಲ. ದಪ್ಪ ಪದರಗಳು ಮುಗಿದಂತೆ ಯಂತ್ರಗಳು ತೆಳು ಕಲ್ಲಿದ್ದಲಿನೊಂದಿಗೆ ಸುತ್ತಲಿನ ಬಂಡೆಯನ್ನೂ ಕಡಿಯುತ್ತವೆ, ಆ ಬಂಡೆಯ ಸಿಲಿಕಾ ಧೂಳು ಇನ್ನೂ ಕ್ರೂರ. ಮುಗಿಯುತ್ತಿದೆ ಎಂದುಕೊಂಡಿದ್ದ ಈ ರೋಗ ಮತ್ತೆ ತಲೆಯೆತ್ತಿದೆ. ಅಮೆರಿಕದ ಕಲ್ಲಿದ್ದಲು ಸೀಮೆಯಾದ ಮಧ್ಯ ಅಪಲಾಚಿಯಾದಲ್ಲಿ 25 ವರ್ಷಕ್ಕೂ ಹೆಚ್ಚು ಕಾಲ ಗಣಿಯಲ್ಲಿ ದುಡಿದ ಐವರಲ್ಲಿ ಒಬ್ಬರಿಗೆ ಅದು ಇದೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿತು.

ಅದೇ ಪ್ರದೇಶದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ 2010ರ ಏಪ್ರಿಲ್ 5ರಂದು ಸಣ್ಣ ಮೀಥೇನ್ ಬೆಂಕಿಯೊಂದು ಧೂಳಿನ ಸ್ಫೋಟವಾಗಿ 29 ಜನರನ್ನು ಕೊಂದಿತು. ಕಡಿಯುವ ಯಂತ್ರದ ಹಲ್ಲುಗಳು ಸವೆದಿದ್ದವು, ಕಿಡಿ ಆರಿಸಬೇಕಾದ ನೀರಿನ ಸಿಂಪಡಣೆ ಕೆಟ್ಟಿತ್ತು, ಸುಣ್ಣಕಲ್ಲಿನ ಪುಡಿ ಸಾಲದಾಗಿತ್ತು, ಅಪಾಯಗಳನ್ನು ಬರೆಯಲು ಕಂಪನಿ ಎರಡು ಬಗೆಯ ಪುಸ್ತಕ ಇಟ್ಟಿತ್ತು: ಒಂದು ತನಗೆ, ಇನ್ನೊಂದು ತಪಾಸಣೆಯವರಿಗೆ. ಮರಣೋತ್ತರ ಪರೀಕ್ಷೆಯಲ್ಲಿ 24 ಜನರ ಶ್ವಾಸಕೋಶವನ್ನು ನೋಡಲು ಸಾಧ್ಯವಾಯಿತು. ಅವರಲ್ಲಿ 17 ಜನರಿಗೆ ಆಗಲೇ ಕಪ್ಪು ಶ್ವಾಸಕೋಶ ರೋಗವಿತ್ತು. ಅತ್ಯಂತ ಕಿರಿಯವನಿಗೆ 25 ವರ್ಷ.